ಹೈಬ್ರಿಡ್ ಮೈಲೇಜ್ ಇಳಿದರೆ ಡ್ರೈವರ್‌ನದೇ ತಪ್ಪಾ?

ಹೊಸ ಹೈಬ್ರಿಡ್ ಕಾರಿನ ಮೈಲೇಜ್ ಇಳೀತಿದೆ ಎಂದರೆ ‘ನಿಮ್ಮ ಡ್ರೈವಿಂಗ್ ಸರಿ ಇಲ್ಲ’ ಎಂಬ ಉತ್ತರ ಸಿಗುತ್ತದೆ. ನಾವು ಇದನ್ನು ಒಪ್ಪುವುದಿಲ್ಲ.

2022ರಲ್ಲಿ ಗ್ರ್ಯಾಂಡ್ ವಿಟಾರಾ, ಹೈರೈಡರ್ ಹೈಬ್ರಿಡ್‌ಗಳು ಬಂದಾಗ ಹೇಳಿದ ಅಂಕಿ ಲೀಟರಿಗೆ 27.97 ಕಿ.ಮೀ. ಇಂಥ ಅಂಕಿಗಳು ಪ್ರಯೋಗಾಲಯದಲ್ಲಿ, ರೋಲರ್ ಮೇಲೆ, ಎಸಿ ಹಾಕದೆ ಅಳೆದವು. ನಮ್ಮ ಕರಾವಳಿಯ ಸೆಕೆಯಲ್ಲಿ ಎಸಿ ಹಾಕದೆ ಭಟ್ಕಳದಿಂದ ಹೊನ್ನಾವರಕ್ಕಾದರೂ ಹೋಗಿ ನೋಡಿ! ಎಸಿ ಬ್ಯಾಟರಿಯನ್ನು ಎಳೆಯುತ್ತದೆ. ಅದು ಇಳಿದರೆ ನಿಂತ ಕಾರಿನಲ್ಲೂ ಎಂಜಿನ್ ಚಾಲೂ ಆಗುತ್ತದೆ.

ಬ್ರೇಕ್ ಹಾಕಿದಾಗ ಬ್ಯಾಟರಿ ಚಾರ್ಜ್ ಆಗುವುದೇ ಹೈಬ್ರಿಡ್‌ನ ಗುಟ್ಟು. ಹಾಗಾಗಿ ಕುಮಟಾ ಪೇಟೆಯೊಳಗೆ ಲಾಭ. ಅಗಲವಾದ 66ನೇ ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಹೋದರೆ ಹೆಚ್ಚಿನ ಹೊತ್ತು ಪೆಟ್ರೋಲೇ ಉರಿಯಬೇಕು. ದೇವಿಮನೆ ಘಟ್ಟ ಇಳಿಯುವಾಗಲೂ ಅಷ್ಟೆ, ಚಿಕ್ಕ ಬ್ಯಾಟರಿ ತುಂಬಿದ ಮೇಲೆ ಉಳಿದ ಇಳಿಜಾರು ದಂಡ.

ಇವೆಲ್ಲ ಮೊದಲೂ ಇದ್ದವು. ಆಮೇಲೆ ಬಂದದ್ದು ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಕಾರು ಇ20ಗೆ ತಯಾರಾಗಿದ್ದರೆ ಎಂಜಿನ್ ಹಾಳಾಗದು, ಆದರೆ ಕಡಿಮೆ ಶಕ್ತಿಗೆ ಕಡಿಮೆ ದೂರವೇ. ಮೈಲೇಜ್ ಸ್ವಲ್ಪ ಇಳಿಯುತ್ತದೆಂದು ಸರ್ಕಾರವೂ ಒಪ್ಪಿದೆ.

ಡ್ಯಾಶ್‌ಬೋರ್ಡ್ ಅಂಕಿ ನಂಬಬೇಡಿ. ಟ್ಯಾಂಕ್ ಫುಲ್ ಮಾಡಿ ಕಿ.ಮೀ. ಬರೆದಿಡಿ, ಮತ್ತೆ ಫುಲ್ ಮಾಡಿದಾಗ ಲೆಕ್ಕ ಹಾಕಿ. ಜಗಳಕ್ಕೆ ಹೋಗುವಾಗ ಆ ಚೀಟಿ ಕೈಯಲ್ಲಿರಲಿ.

ಶಕ್ತಿ ಕಡಿಮೆಯಾದ್ದರಿಂದ ಇಂಥ ಪೆಟ್ರೋಲಿನ ದರವೂ ಕಡಿಮೆ ಇರಬೇಕು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ನಮ್ಮ ಬಂಕುಗಳ ಬೋರ್ಡಿನಲ್ಲಿ ಆ ರಿಯಾಯಿತಿ ಎಲ್ಲಿದೆ?