ಹಂಪಿಗೆ ಹೋದವರು ಪಲ್ಲಕ್ಕಿಯ ಕೆಳಗೂ ನೋಡಿರಿ



ಹಂಪಿ ನೋಡಲು ಹೋಗುವುದು ಹೊಟ್ಟೆ ತುಂಬಿದವರ ಶೋಕಿ, ದಿನಗೂಲಿ ಮಾಡುವವರಿಗೆ ಹಾಳು ಕಲ್ಲು ನೋಡಿ ಏನಾಗಬೇಕು ಎಂದು ನಮ್ಮವರೇ ಕೆಲವರು ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಲ್ಲನ್ನು ಬಂಡೆಯಿಂದ ಸೀಳಿದವರು ಯಾರು? ಗುಡ್ಡದಿಂದ ಇಳಿಸಿದವರು ಯಾರು? ರಾಜರೇ? ಪುರೋಹಿತರೇ? ದುಡಿದವರ ಮಕ್ಕಳು ಆ ಕಡೆ ತಲೆ ಹಾಕದಿದ್ದರೆ ಅದೆಲ್ಲ ದುಡಿಸಿಕೊಂಡವರದೇ ಸ್ವತ್ತು ಎಂದು ನಾವೇ ಬರೆದುಕೊಟ್ಟ ಹಾಗೆ. ಹೋಗಬೇಕು. ಆದರೆ ಗೈಡು ಬೆರಳು ತೋರಿಸಿದ ಕಡೆ ಅಷ್ಟೇ ನೋಡಿ ಬರಬಾರದು.

ನಮ್ಮ ಹೊಳಲಿನವರಿಗಂತೂ ಹಂಪಿ ಹೊಸದಲ್ಲ. ನಮ್ಮೂರಲ್ಲಿ ಮಲಗಿರುವ ಅನಂತಶಯನನ ಕಥೆ ಎಲ್ಲರ ಬಾಯಲ್ಲೂ ಐತಿ. ಕೃಷ್ಣದೇವರಾಯ ದೇವರನ್ನು ಕರೆದನಂತೆ, ತಿರುಗಿ ನೋಡದೆ ನಡೆ ಎಂದು ದೇವರು ಹೇಳಿತಂತೆ, ರಾಯ ತಿರುಗಿ ನೋಡಿದನಂತೆ, ದೇವರು ಇಲ್ಲೇ ಉಳಿಯಿತಂತೆ. ಆ ದೇವರಿಗೆಂದು ಹೊಸಪೇಟೆಯ ಹತ್ತಿರ 1524ರಲ್ಲಿ ಕಟ್ಟಿಸಿದ ಅನಂತಶಯನಗುಡಿ ಇವತ್ತಿಗೂ ನಿಂತಿದೆ. ಎತ್ತರದ ಇಟ್ಟಿಗೆ ಕಮಾನಿನ ಚಾವಣಿ, ಉದ್ದನೆಯ ಪೀಠ. ಪೀಠ ಖಾಲಿ. ಹಂಪಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ, ಇಳಿದು ನೋಡಿ. ಕಥೆಯಲ್ಲಿ ರಾಜ ಇದ್ದಾನೆ, ದೇವರು ಇದ್ದಾನೆ. ಆ ಕಲ್ಲು ಕಡೆದವನಿಗೆ ಕಥೆಯಲ್ಲಿ ಒಂದು ಸಾಲೂ ಇಲ್ಲ.

ಇನ್ನು ಕಲೆ ನೋಡಬೇಕಂದರೆ ಹಂಪಿ ಮುಟ್ಟುವತನಕ ಕಾಯಬೇಕಿಲ್ಲ. ಹಡಗಲಿ, ಹಗರಿಬೊಮ್ಮನಹಳ್ಳಿ ದಾಟಿ ಬಸ್ಸು ಮರಿಯಮ್ಮನಹಳ್ಳಿಯಲ್ಲಿ ನಿಲ್ಲುತ್ತದೆ. ಅದು ನಾಟಕದ ಕಲಾವಿದೆಯರ ಊರು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು ಬದುಕು ಕಟ್ಟಿಕೊಂಡ ಊರು. ಬಸ್‌ಸ್ಟ್ಯಾಂಡಿನಲ್ಲಿ ಭಿಕ್ಷೆ ಬೇಡಿದ ಅದೇ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕಲ್ಲಿನ ನರ್ತಕಿಯ ಮುಂದೆ ನಿಂತು ಫೋಟೋ ಹೊಡಕೊಳ್ಳುವ ಪ್ರವಾಸಿಗರ ಬಸ್ಸು ಈ ಊರಲ್ಲಿ ಚಹಾಕ್ಕೂ ನಿಲ್ಲುವುದಿಲ್ಲ.

ವಿರೂಪಾಕ್ಷ ಗುಡಿಯ ರಂಗಮಂಟಪಕ್ಕೆ ಹೋದಾಗ ಕತ್ತೆತ್ತಿ ಚಾವಣಿ ನೋಡಿರಿ. ಮಂಟಪವನ್ನು ಕೃಷ್ಣದೇವರಾಯ 1510ರಲ್ಲಿ ಪಟ್ಟಕ್ಕೆ ಬಂದಾಗ ಕಟ್ಟಿಸಿದ್ದು. ಚಿತ್ರಗಳು ಅದಕ್ಕಿಂತ ಬಹಳ ಈಚಿನವು ಎನ್ನುವ ವಿದ್ವಾಂಸರಿದ್ದಾರೆ, ಆ ಜಗಳ ಅವರಿಗಿರಲಿ. ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರ ಹೊಡೆಯುವ ಅರ್ಜುನ, ಶಿವನ ಮೇಲೆ ಬಾಣ ಬಿಡುವ ಮನ್ಮಥ, ಎಲ್ಲ ಇದಾವೆ. ಅಲ್ಲೇ ವಿದ್ಯಾರಣ್ಯರ ಮೆರವಣಿಗೆ. ಪಲ್ಲಕ್ಕಿಯಲ್ಲಿ ಗುರುಗಳು ಕೂತಿದ್ದಾರೆ. ಗೈಡು ಅವರ ಹೆಸರು ಹೇಳಿ ಮುಂದೆ ನಡೆಯುತ್ತಾನೆ. ನೀವು ಮಾತ್ರ ನಡೆಯಬೇಡಿ. ಪಲ್ಲಕ್ಕಿಯ ಕೆಳಗೆ ನೋಡಿ. ಹೊತ್ತವರೂ ಅಲ್ಲಿದ್ದಾರೆ. ಬರೆದ ಕೈ ಅವರನ್ನು ಬಿಟ್ಟಿಲ್ಲ. ಬಿಟ್ಟಿರುವುದು ಹೇಳುವ ಬಾಯಿ. (ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದಾಗ ಅದರ ಆವರಣಕ್ಕೂ ವಿದ್ಯಾರಣ್ಯ ಎಂದೇ ಹೆಸರು ಬಂತು. ಹೊತ್ತವರ ಹೆಸರಿನ ಒಂದು ಬಸ್‌ಸ್ಟಾಪೂ ಇಲ್ಲ.)

ಆ ಚಿತ್ರಗಳ ಮೈಕಟ್ಟು ಸ್ವಲ್ಪ ಗಮನಿಸಿ. ಪಕ್ಕಕ್ಕೆ ತಿರುಗಿದ ಮುಖ, ಅಗಲ ಕಣ್ಣು, ಮೈತುಂಬ ಒಡವೆ, ಬಿಗಿದ ಬಟ್ಟೆ. ಎಲ್ಲೋ ನೋಡಿದ ಹಾಗೆ ಅನ್ನಿಸುತ್ತದೆ. ತೊಗಲು ಗೊಂಬೆ! ನಮ್ಮ ಬಳ್ಳಾರಿ ಸೀಮೆಯ ಕಿಳ್ಳೇಕ್ಯಾತರು ರಾತ್ರಿಯೆಲ್ಲ ಪರದೆಯ ಮೇಲೆ ಕುಣಿಸುವ ಗೊಂಬೆಗಳಿಗೂ ಇಂಥ ಚಾವಣಿ ಚಿತ್ರಗಳಿಗೂ, ಲೇಪಾಕ್ಷಿಯ ಚಿತ್ರಗಳಿಗೂ ಹತ್ತಿರದ ಹೋಲಿಕೆ ಇದೆ ಎಂದು ಕಲೆ ಬಲ್ಲವರು ಬರೆದಿದ್ದಾರೆ. ಇದರ ಅರ್ಥ ಏನು? ಈ ಚಿತ್ರ ಓದುವ ವಿದ್ಯೆ ನಮ್ಮ ಕೇರಿ ಗುಡಾರಗಳಲ್ಲೇ ಇತ್ತು. ಅದೇ ತೊಗಲು ಚಪ್ಪಲಿಯಾದರೆ ಹೊಸ್ತಿಲ ಹೊರಗೆ. ರಾಮ ಸೀತೆ ಆದರೆ ಅದಕ್ಕೆ ಕಾಯಿ ಒಡೆದು ಕೈ ಮುಗಿಯುತ್ತಾರೆ. ಹದ ಮಾಡಿದ ಕೈ ಮಾತ್ರ ಎರಡು ಕಡೆಯೂ ಹೊರಗೇ.

ಅಲ್ಲಿಂದ ಹೊರಬಿದ್ದು ಬಂಡೆಗಳ ನಡುವೆ ಅಡ್ಡಾಡಿ. ಇದಕ್ಕೆ ಟಿಕೆಟ್ಟಿಲ್ಲ, ಬೋರ್ಡೂ ಇಲ್ಲ. ಹಂಪಿಯ ಎಷ್ಟೋ ಬಂಡೆಗಳ ಅಂಚಿನಲ್ಲಿ ಸಾಲಾಗಿ, ಗೆರೆ ಎಳೆದ ಹಾಗೆ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ. ಉಳಿಯಿಂದ ಹೊಡೆದ ಕುಳಿ. ಅದರೊಳಗೆ ಬೆಣೆ ಬಡಿದು ಬಂಡೆ ಸೀಳುತ್ತಿದ್ದರು. ಒಣಮರದ ಬೆಣೆಗೆ ನೀರುಣಿಸಿದರೆ ಅದು ಉಬ್ಬಿ ಬಂಡೆ ಬಿರಿಯುತ್ತದೆ. ಎಲ್ಲಿ ಹೊಡೆದರೆ ಬಿರಿದೀತು, ಯಾವ ಕಲ್ಲಿನ ಎಳೆ ಯಾವ ಕಡೆ ಓಡುತ್ತದೆ ಎಂಬುದು ಕಣ್ಣಿಗೂ ಕಿವಿಗೂ ಗೊತ್ತಿರಬೇಕು. ಕೆಲವು ಬಂಡೆಗಳಲ್ಲಿ ಕುಳಿ ತೋಡಿ ಹಾಗೇ ಬಿಟ್ಟಿದ್ದಾರೆ, ನಾಳೆ ಬಂದು ಸೀಳುವವರ ಹಾಗೆ. ನಮ್ಮ ಕಡೆ ಈ ಕೆಲಸ ಮಾಡಿಕೊಂಡು ಬಂದವರು ಭೋವಿಗಳು. ಬೋವಿ ಅಂದರೆ ಪಲ್ಲಕ್ಕಿ ಹೊರುವವನು ಎಂಬ ಅರ್ಥವೂ ಕನ್ನಡದಲ್ಲಿದೆ. ಕಲ್ಲು ಒಡೆಯುವವನಿಗೂ ಪಲ್ಲಕ್ಕಿ ಹೊರುವವನಿಗೂ ಒಂದೇ ಹೆಸರು! ಸಮಾಜ ಹೆಸರಿಡುವಾಗ ಸುಮ್ಮನೆ ಇಡುವುದಿಲ್ಲ.

ಉಗ್ರನರಸಿಂಹನ ಮುಂದೆ ನಿಂತರೆ ಎದೆ ಝಲ್ ಅನ್ನುತ್ತದೆ, ನಿಜ. ಒಂದೇ ಬಂಡೆಯಲ್ಲಿ ಇಪ್ಪತ್ತೆರಡು ಅಡಿ. 1528ರ ಶಾಸನ ಪ್ರತಿಷ್ಠೆ ಮಾಡಿದ ಕೃಷ್ಣಭಟ್ಟನ ಹೆಸರು ಹೇಳುತ್ತದೆ. ಕಡೆದವರ ಹೆಸರನ್ನು ಯಾರೂ ನಿಮಗೆ ಹೇಳುವುದಿಲ್ಲ. ಕಡೆಯುವವರು ಹೆಸರು ಬರೆದುಕೊಳ್ಳುವ ಪದ್ಧತಿಯೇ ಈ ನಾಡಲ್ಲಿ ಇರಲಿಲ್ಲ ಎನ್ನಬೇಡಿ. ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕೆತ್ತಿಕೊಂಡಿದ್ದಾನೆ. ಬಳ್ಳಿಗಾವೆಯ ದಾಸೋಜನ ಹೆಸರು ಬೇಲೂರಿನಲ್ಲಿದೆ.

ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಆನೆಯ ಸಾಲು, ಕುದುರೆಯ ಸಾಲು, ಕಾಲಾಳುಗಳ ಸಾಲು, ಕುಣಿಯುವ ಹೆಣ್ಣುಮಕ್ಕಳ ಸಾಲು. ಮಹಾನವಮಿ ದಿಬ್ಬದಲ್ಲೂ ಕೋಲಾಟದ ಹೆಂಗಸರು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಅರಮನೆಯ ನೃತ್ಯಶಾಲೆಯ ಬಗ್ಗೆ ಬರೆದದ್ದು ಓದಿದರೆ ಮೈ ಜುಂ ಎನ್ನುತ್ತದೆ. ಕುಣಿತ ಮುಗಿದಾಗ ಯಾವ ಭಂಗಿಯಲ್ಲಿ ನಿಲ್ಲಬೇಕೆಂಬುದನ್ನು ಹಲಗೆಗಳ ಮೇಲೆ ಕೆತ್ತಿಟ್ಟಿದ್ದರಂತೆ, ಕುಣಿಯುವ ಹೆಣ್ಣು ಮರೆತರೆ ನೋಡಿಕೊಳ್ಳಲಿ ಎಂದು. ನಾವು ಶಿಲ್ಪ ನೋಡಿ ಆಹಾ ಅನ್ನುತ್ತೇವೆ. ಅವಳಿಗೆ ಅದು ಪಾಠ, ತಪ್ಪಬಾರದ ಪಾಠ. ದೇವರ ಹೆಸರಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಆದದ್ದು 1982ರಲ್ಲಿ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ನಮ್ಮ ತಾಯಂದಿರಿಗೆ ಆ ಕಾಯ್ದೆ ಯಾಕೆ ಬೇಕಾಯಿತೆಂದು ನಾನು ಹೇಳಬೇಕಿಲ್ಲ. ಕಲ್ಲಿನ ನರ್ತಕಿಯನ್ನು ನೋಡುವಾಗ ಅವರ ಮುಖವೂ ಕಣ್ಣ ಮುಂದೆ ಇರಲಿ.

ಪ್ರವಾಸಿ ಎಂಬ ಹೆಸರು ಕೂಡ ನಮಗೆ ಪುಕ್ಕಟೆ ಸಿಕ್ಕದ್ದಲ್ಲ. 1934ರಲ್ಲಿ ಬಾಬಾಸಾಹೇಬರು ಸುಮಾರು ಮೂವತ್ತು ಮಂದಿ ಕಾರ್ಯಕರ್ತರೊಂದಿಗೆ ವೆರೂಳಿನ ಬೌದ್ಧ ಗುಹೆಗಳನ್ನು ನೋಡಲು ಹೊರಟವರು ದಾರಿಯಲ್ಲಿ ದೌಲತಾಬಾದಿನ ಕೋಟೆಗೆ ಹೋದರು. ಬಾಗಿಲ ಬಳಿಯ ಹೊಂಡದಲ್ಲಿ ಮುಖದ ಧೂಳು ತೊಳೆದುಕೊಂಡರು. ಕೆರೆ ಮೈಲಿಗೆ ಮಾಡಿದರೆಂದು ಕೂಗಾಟವಾಗಿ ಜನ ಸೇರಿದರು. ಕೊನೆಗೆ ಕೋಟೆ ನೋಡಬಹುದು, ನೀರು ಮುಟ್ಟಬಾರದು ಎಂಬ ಷರತ್ತು. ಕಾವಲಿಗೆ ಒಬ್ಬ ಸಿಪಾಯಿ. ಅಷ್ಟು ಓದಿದ ಮನುಷ್ಯ, ಚರಿತ್ರೆಯ ಜಾಗ ನೋಡಲು ಹೋಗಿ ನೀರಿಗೆ ಕಾವಲು ಹಾಕಿಸಿಕೊಂಡು ಬರಬೇಕಾಯಿತು. ಇವತ್ತು ಹಂಪಿಯ ಟಿಕೆಟ್ ಕಿಟಕಿಯಲ್ಲಿ ಜಾತಿ ಕೇಳುವುದಿಲ್ಲ. ಇದು ರಾಯರ ದಯೆ ಅಲ್ಲ.

ಸಂಜೆ ಮಾತಂಗ ಪರ್ವತ ಹತ್ತುವವರು ಸೂರ್ಯಾಸ್ತ ನೋಡಲು ಹತ್ತುತ್ತಾರೆ. ನೀವು ಹೆಸರನ್ನೂ ಒಮ್ಮೆ ಬಾಯಲ್ಲಿ ಹೇಳಿ ನೋಡ್ರಿ. ಮಾದಿಗರು ತಮ್ಮನ್ನು ಮಾತಂಗನ ಮಕ್ಕಳೆಂದು ಕರೆದುಕೊಳ್ಳುತ್ತಾರೆ. ಇಡೀ ರಾಜಧಾನಿಯನ್ನು ಕೆಳಗೆ ನೋಡುವ ಗುಡ್ಡಕ್ಕೆ ಇರುವುದು ಆ ಹೆಸರು.

ಇನ್ನು ಹಂಪಿ ಉತ್ಸವ. ಅದನ್ನು ಶುರು ಮಾಡಿಸಿದವರು ನಮ್ಮ ಹಡಗಲಿಯ ಎಂ.ಪಿ. ಪ್ರಕಾಶ್. ಒಳ್ಳೆಯ ಕೆಲಸವೇ. ಆದರೆ ಹಲಗೆ, ಹಗಲುವೇಷ, ಬುರ್ರಕಥೆ ಇವೆಲ್ಲ ಜಾನಪದ ವಾಹಿನಿ ಎಂದು ಬಿಸಿಲಲ್ಲಿ ನಡೆಯುತ್ತವೆ. ರಾತ್ರಿಯ ದೊಡ್ಡ ದೀಪದ ವೇದಿಕೆ ಸಿನಿಮಾದವರಿಗೆ. ದರೋಜಿ ಈರಮ್ಮನವರು ಬುಡ್ಗಜಂಗಮರ ಹೆಣ್ಣುಮಗಳು. ಅಕ್ಷರ ಕಲಿಯಲಿಲ್ಲ, ಸಾವಿರಾರು ಪುಟವಾಗುವಷ್ಟು ಕಾವ್ಯ ಗಂಟಲಲ್ಲಿ ಇಟ್ಟುಕೊಂಡಿದ್ದರು. ವಿಜಯನಗರಕ್ಕಿಂತ ಮುಂಚಿನ ಕುಮಾರರಾಮನ ಕಥೆಯನ್ನು ರಾತ್ರಿಗಟ್ಟಲೆ ಹಾಡುತ್ತಿದ್ದರು. ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅಂಥ ಕಥೆಗೆ ಮೆರವಣಿಗೆಯಲ್ಲಿ ಸಿಗುವ ಎರಡು ನಿಮಿಷ ಎಲ್ಲಿ ಸಾಕಾಗುತ್ತದೆ? ಬುರ್ರಕಥೆಗೆ ಒಂದು ಇಡೀ ರಾತ್ರಿ ಬೇಕು, ತೊಗಲು ಗೊಂಬೆಗೆ ಒಂದು ರಾತ್ರಿ ಬೇಕು. ಅದೂ ದೊಡ್ಡ ವೇದಿಕೆಯಲ್ಲಿ, ಸಿನಿಮಾದವರಿಗೆ ಕೊಡುವಂತೆ ಮುಂಗಡ ಕೊಟ್ಟು.

ಕಲ್ಲು ಉಳಿಸುವುದು ಬೇಡ ಎಂದು ಯಾರೂ ಹೇಳುತ್ತಿಲ್ಲ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಬದುಕಿಕೊಂಡಿದ್ದ ಕುಟುಂಬಗಳ ಮನೆ, ಅಂಗಡಿ ಕೆಡವಿದರು. ಆಮೇಲೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಈಗ ಬಜಾರು ಚೊಕ್ಕಟವಾಗಿದೆ, ಫೋಟೋಕ್ಕೆ ಚೆನ್ನಾಗಿ ಬರುತ್ತದೆ. ಬಜಾರೆಂದರೆ ಜನ ಇರುವ ಜಾಗ ಎಂದು ಪಾಯಸ್ ಕೂಡ ಕಂಡಿದ್ದ.

ಮುಂದಿನ ಸಾರಿ ನಮ್ಮೂರಿಂದ ಹೋಗುವವರು ಕಲ್ಲಿನ ಕೆಲಸ ಬಲ್ಲ ಒಬ್ಬ ಹಿರಿಯರನ್ನು ಜೊತೆಗೆ ಕರಕೊಂಡು ಹೋಗಿರಿ. ಆ ಕುಳಿಗಳ ಸಾಲಿನ ಮುಂದೆ ಅವರನ್ನು ನಿಲ್ಲಿಸಿ, ಯಾವ ಉಳಿ, ಎಷ್ಟು ಪೆಟ್ಟು, ಎಷ್ಟು ದಿನದ ಕೆಲಸ ಎಂದು ಕೇಳಿರಿ. ಹುಡುಗರ ಕೈಲಿ ಬರೆಸಿರಿ. ಅವರ ಬಸ್ ಚಾರ್ಜು, ಊಟದ ಖರ್ಚು ಉಳಿದವರು ಹಂಚಿಕೊಳ್ಳಬೇಕು.