ಪತ್ತೇದಾರಿ ಕತೆಗೆ ರಾಜಕೀಯ ತಂದವರು ಯಾರು ಸ್ವಾಮಿ?

ಅಗಾಥಾ ಕ್ರಿಸ್ಟಿಯ 'ಮರ್ಡರ್ ಈಸ್ ಈಜಿ' ಕಾದಂಬರಿಯನ್ನು ಬಿಬಿಸಿ 2023ರ ಡಿಸೆಂಬರ್‌ನಲ್ಲಿ ಎರಡು ಕಂತಿನ ಸರಣಿ ಮಾಡಿ ತೋರಿಸ್ತು. 1939ರ ಪುಸ್ತಕದಲ್ಲಿ ನಾಯಕ ಲ್ಯೂಕ್, ಪೂರ್ವದ ವಸಾಹತಿನಲ್ಲಿ ಪೊಲೀಸ್ ಆಗಿದ್ದು ವಾಪಸ್ ಬಂದ ಇಂಗ್ಲಿಷ್ ದೊರೆ. ಸರಣಿಯಲ್ಲಿ ಅವನು 1954ರಲ್ಲಿ ನೈಜೀರಿಯಾದಿಂದ ಬಂದಿಳಿಯೋ ಕಪ್ಪು ಯುವಕ. ಅಷ್ಟೇ ಸಾಕಾಯ್ತು. "ಮೂಲಕ್ಕೆ ದ್ರೋಹ", "ಎಲ್ಲದಕ್ಕೂ ಯಾಕೆ ರಾಜಕೀಯ ತುರುಕ್ತೀರಿ" ಅಂತ ನೋಡುಗರ ಒಂದು ಗುಂಪು ಶುರುಹಚ್ಚಿಕೊಂಡಿತು.

ಪತ್ತೇದಾರಿಕೆ ಸಡಿಲವಾಗಿದೆ ಅಂತ ಬೇಸರಪಟ್ಟವರ ಜೊತೆ ನನಗೆ ಜಗಳ ಇಲ್ಲ. ನನಗೂ ಅಲ್ಲಲ್ಲಿ ಹಾಗೇ ಅನ್ನಿಸ್ತು. ನನ್ನ ಜಗಳ 'ಮೂಲ, ಮೂಲ' ಅಂತ ಎದೆ ಬಡ್ಕೊಳ್ಳೋರ ಜೊತೆ. 2009ರಲ್ಲಿ ಐಟಿವಿ ಇದೇ ಕತೆಯೊಳಗೆ ಮಿಸ್ ಮಾರ್ಪಲ್ ಅಜ್ಜಿಯನ್ನು ತಂದು ಕೂರಿಸ್ತು. ಪುಸ್ತಕದಲ್ಲಿ ಆಕೆ ಇಲ್ಲವೇ ಇಲ್ಲ! ಆಗಲೂ ಗೊಣಗಿದವರಿದ್ರು, ಆದರೆ ಅಜ್ಜಿ ಬಂದಿದ್ದು 'ರಾಜಕೀಯ' ಅಂತ ನಾನಂತೂ ಕೇಳಲಿಲ್ಲ. ಅದೇ 1939ರಲ್ಲಿ ಬಂದ ಕ್ರಿಸ್ಟಿಯ ಇನ್ನೊಂದು ಕಾದಂಬರಿಯ ಹೆಸರಲ್ಲೇ ಕಪ್ಪು ಜನರನ್ನು ಹೀನಾಯ ಮಾಡೋ ಬೈಗುಳ ಇತ್ತು. ಅಮೆರಿಕದಲ್ಲಿ 1940ರಲ್ಲೇ ಅದನ್ನು 'ಆ್ಯಂಡ್ ದೆನ್ ದೇರ್ ವರ್ ನನ್' ಅಂತ ಬದಲಾಯಿಸಿದ್ರು. ಮೂಲವೇ ಬೇಕು ಅನ್ನೋರು ಆ ಹೆಸರನ್ನೂ ವಾಪಸ್ ಕೇಳ್ತೀರಾ?

ಹೋಗಲಿ, ಮೂಲವನ್ನಾದ್ರೂ ಸರಿಯಾಗಿ ಓದಿ. ಅದರಲ್ಲಿ ಏಮಿ ಅನ್ನೋ ಮನೆಕೆಲಸದ ಹುಡುಗಿ ಸಾಯ್ತಾಳೆ. ಕತ್ತಲಲ್ಲಿ ಕೆಮ್ಮಿನ ಔಷಧಿ ಅಂದ್ಕೊಂಡು ಟೋಪಿಗೆ ಬಳಿಯೋ ಬಣ್ಣ ಕುಡಿದ್ಲು, ಆಕಸ್ಮಿಕ ಅಂತ ಊರು ಸುಮ್ಮನಾಗುತ್ತೆ. ಕೆಲಸದವಳ ಸಾವನ್ನು ಕೆದಕೋರು ಯಾರು? ಕೊಲೆ ಸುಲಭ ಆಗೋದು ಅಲ್ಲೇ. ಪುಸ್ತಕದ ಹೆಸರು ಸುಮ್ಮನೆ ಇಟ್ಟಿದ್ದಲ್ಲ.

ಅದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಕೇರಿಯ ಚಿಕ್ಕಪ್ಪ. ಮ್ಯಾನ್‌ಹೋಲ್‌ಗೆ ಇಳಿದು ಉಸಿರುಗಟ್ಟಿ ಸತ್ತಾಗ ಕಾಗದದಲ್ಲಿ 'ಆಕಸ್ಮಿಕ' ಅಂತ ಬರೆದ್ರು. ಇಳಿಸಿದವರ ಹೆಸರು ಅದರಲ್ಲಿ ಇರಲಿಲ್ಲ.

ಹಾಗಾಗಿ ಆ ಹಳ್ಳಿಯ ದೊಡ್ಡಮನುಷ್ಯರನ್ನು ಒಬ್ಬ ಕಪ್ಪು ಯುವಕ ಅನುಮಾನದಿಂದ ನೋಡಿದ್ರೆ ನನಗದು ತುರುಕಿದ್ದು ಅನ್ನಿಸಲ್ಲ. ಈ ತಕರಾರು ನಮಗೆ ಹೊಸದೂ ಅಲ್ಲ. ಇಲ್ಲಿನ ಸಿನಿಮಾದಲ್ಲೂ ನಮ್ಮವನು ಹೆಣವಾದ್ರೆ ಅದು 'ಕತೆ', ಅವನೇ ಎದ್ದು ಪ್ರಶ್ನೆ ಕೇಳಿದ್ರೆ 'ಎಲ್ಲದರಲ್ಲೂ ಜಾತಿ ತರ್ತಾರೆ'.

ಸರಣಿ ನೋಡಿ, ಹಿಡಿಸದಿದ್ರೆ ಧಾರಾಳವಾಗಿ ಬೈಯಿರಿ. ಆದರೆ ಏಮಿಯನ್ನು ಕೊಂದವರು ಯಾರು ಅಂತ ಯಾರು ಕೇಳಬಹುದು, ಯಾರು ಕೇಳಬಾರದು ಅಂತ ನೀವು ತೀರ್ಮಾನ ಮಾಡಬೇಡಿ.

ಜೈ ಭೀಮ್.