ಇಂಗ್ಲಿಷ್ ಕಲಿಯೋಣ: ಗ್ಲಾಸಸ್, ಸ್ಪೆಕ್ಟಕಲ್ಸ್, ಗಾಗಲ್ಸ್

ಕಣ್ಣಿಗೆ ಹಾಕಿಕೊಳ್ಳುವುದಕ್ಕೆಲ್ಲ ಕನ್ನಡದಲ್ಲಿ ಕನ್ನಡಕ ಎಂಬ ಒಂದೇ ಪದ ಸಾಕು. ಉರ್ದು ಮಾತಾಡುವ ಮನೆಗಳಲ್ಲಿ ಚಷ್ಮಾ ಎಂದರೆ ಮುಗಿಯಿತು. ಇಂಗ್ಲಿಷ್‌ನಲ್ಲಿ ಹಾಗಲ್ಲ.

ದೃಷ್ಟಿದೋಷಕ್ಕೆ ಹಾಕುವ ಕನ್ನಡಕ ಸ್ಪೆಕ್ಟಕಲ್ಸ್. ಮಾತಿನಲ್ಲಿ ಸ್ಪೆಕ್ಸ್. ಕೊನೆಯ 'ಸ್' ಬಿಟ್ಟು 'ಸ್ಪೆಕ್ಟಕಲ್' ಎಂದರೆ ನೋಟ, ದೃಶ್ಯ ಎಂದಾಗುತ್ತದೆ. 'ಮೈ ಸನ್ ವೇರ್ಸ್ ಸ್ಪೆಕ್ಟಕಲ್' ಎಂದು ಶಾಲೆಗೆ ಚೀಟಿ ಬರೆದರೆ ಮಗ ಯಾವುದೋ ದೃಶ್ಯವನ್ನೇ ಧರಿಸಿದಂತಾದೀತು! ಗ್ಲಾಸಸ್ ಎಂದರೂ ಕನ್ನಡಕವೇ. ಆದರೆ ಗ್ಲಾಸ್ ಎಂದರೆ ಗಾಜು, ಇಲ್ಲವೇ ನೀರು ಕುಡಿಯುವ ಲೋಟ. ಕನ್ನಡಕ ಒಂದೇ ಇದ್ದರೂ 'ಮೈ ಗ್ಲಾಸಸ್ ಆರ್ ಬ್ರೋಕನ್' ಎನ್ನಬೇಕು. ಎಣಿಸುವಾಗ 'ಎ ಪೇರ್ ಆಫ್ ಗ್ಲಾಸಸ್'. ಕತ್ತರಿಗೆ ಹೇಳುವ ಸಿಸರ್ಸ್‌ಗೂ ಇದೇ ನಿಯಮ. ಅಮೆರಿಕದವರು ಐಗ್ಲಾಸಸ್ ಎಂದೂ ಹೇಳುತ್ತಾರೆ.

ನಮ್ಮವರು ಎಡವುವುದು ಗಾಗಲ್ಸ್‌ನಲ್ಲಿ. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕವನ್ನು ನಾವು ಗಾಗಲ್ಸ್ ಅಥವಾ ಕೂಲಿಂಗ್ ಗ್ಲಾಸ್ ಎನ್ನುತ್ತೇವೆ. ಸರಿಯಾದ ಇಂಗ್ಲಿಷ್‌ನಲ್ಲಿ ಅದು ಸನ್‌ಗ್ಲಾಸಸ್. ಗಾಗಲ್ ಎಂಬ ಕ್ರಿಯಾಪದಕ್ಕೆ ಕಣ್ಣರಳಿಸಿ ನೋಡು ಎಂದರ್ಥ. ಗಾಗಲ್ಸ್ ಎಂದರೆ ಮುಖಕ್ಕೆ ಅಂಟಿಕೊಂಡು, ಕಣ್ಣಿನ ಬದಿಗಳನ್ನೂ ಮುಚ್ಚುವ ರಕ್ಷಣೆಯ ಕನ್ನಡಕ. ಈಜುವವರು, ವೆಲ್ಡಿಂಗ್ ಮಾಡುವವರು ಹಾಕಿಕೊಳ್ಳುವಂಥದ್ದು.

ಇದು ಬರೀ ಪದಗಳ ತಕರಾರಲ್ಲ. ಪಿಯುಸಿ ವಿಜ್ಞಾನ ಓದುವ ಮಗಳು ರಸಾಯನಶಾಸ್ತ್ರದ ಪ್ರಯೋಗಕ್ಕೆ 'ಸೇಫ್ಟಿ ಗಾಗಲ್ಸ್' ಬೇಕೆಂದರೆ, ಅಣ್ಣನ ಕಪ್ಪು ಕನ್ನಡಕ ಕೊಟ್ಟು ಕಳಿಸಬೇಡಿ. ಆಸಿಡ್ ಸಿಡಿದರೆ ತೆರೆದ ಬದಿಯಿಂದ ನೇರ ಕಣ್ಣಿಗೇ ಬಿದ್ದೀತು. ಪವರ್ ಇರುವ ಮಾಮೂಲಿ ಕನ್ನಡಕವೂ ಸಾಲದು. ಅದರ ಮೇಲೆಯೇ ಹಾಕಿಕೊಳ್ಳುವ ಗಾಗಲ್ಸ್ ಸಿಗುತ್ತವೆ. ಅಂಗಡಿಯಲ್ಲಿ 'ಲ್ಯಾಬ್‌ಗೆ ಬೇಕು' ಎಂದು ಬಿಡಿಸಿ ಹೇಳಿ, ಇಲ್ಲವಾದರೆ ಅಂಗಡಿಯವರು ಕೂಲಿಂಗ್ ಗ್ಲಾಸನ್ನೇ ತೆಗೆದು ತೋರಿಸಿಯಾರು. ಅವರ ತಪ್ಪೂ ಅಲ್ಲ, ನಮ್ಮಲ್ಲಿ ಆ ಪದ ಬಳಕೆಯಾಗಿರುವುದೇ ಹಾಗೆ.

ಇನ್ನು ಲೆನ್ಸ್. ಕೊನೆಯಲ್ಲಿ 'ಸ್' ಇದೆಯೆಂದು ಇದು ಬಹುವಚನವಲ್ಲ, ಎರಡಾದರೆ ಲೆನ್ಸಸ್. ಈ ಪದ ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಇದೆ. ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದರೆ ಮಸೂರ ಕಾಳು! ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾಗುವ ಅದರ ಆಕಾರದಿಂದಲೇ ಕನ್ನಡಕದ ಗಾಜಿಗೆ ಆ ಹೆಸರು ಬಂತು. ಮಕ್ಕಳ ಕನ್ನಡ ವಿಜ್ಞಾನ ಪುಸ್ತಕ ತೆರೆದು ನೋಡಿ, ಅಲ್ಲೂ ಲೆನ್ಸಿಗೆ ಮಸೂರ ಎಂದೇ ಇದೆ. ಅರಬಿಯಲ್ಲಿ ಕಾಳಿಗೆ ಅದಸ್, ಲೆನ್ಸಿಗೆ ಅದಸಾ.